ಹದಿಮೂರನೆಯ ನಡೆ

ಚದುರಂಗಕ್ಕೆ ಹೊಸಬನಾದವನಿಗೆ ಆರಂಭದ ನಡೆಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸುವವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ನನ್ನ ಕಾಕಾ ಅಂಥವರು. ಧಾರವಾಡದ ಕಚೇರಿಯೊಂದರಲ್ಲಿ ಕಾರಕೂನರು. ಬಿಳಿಯ ಸಾಹೇಬರೊಬ್ಬರು ಊರು ಬಿಡುವಾಗ ಕೊಟ್ಟುಹೋದ ಇಂಗ್ಲಿಷ್ ಪುಸ್ತಕವೇ ಅವರಿಗೆ ಪ್ರಮಾಣ. ನಾನಾಗ ಹೊಸದಾಗಿ ಮಾಸ್ತರಿಕೆ ಹಿಡಿದಿದ್ದೆ. ಆರು ತಿಂಗಳು ದಿನಾ ಸಂಜೆ ಹನ್ನೆರಡು ನಡೆ ಆಡಿಸುವರು, ಕಾಯಿ ಎತ್ತಿ ಮತ್ತೆ ಮೊದಲಿನಿಂದ ಜೋಡಿಸುವರು.

"ಮುಂದ ಆಡೂಣಲ್ರಿ ಕಾಕಾ."

"ಅವಸರ ಯಾಕೋ? ಮೊದಲ ಬುನಾದಿ ಗಟ್ಟಿ ಆಗ್ಲಿ."

ಹಾಳಾದ ಬುನಾದಿ!

ಆ ವರ್ಷ ಬೆಳಗಾವಿಗೆ ಆಡಲು ಹೋಗುವ ನಮ್ಮ ಕಡೆಯ ತಂಡಕ್ಕೆ ಒಬ್ಬ ಕಡಿಮೆಯಿದ್ದ. ಆ ಜಾಗ ನನಗೆ ಬೇಕೇ ಬೇಕಿತ್ತು. ಆರಿಸುವವರು ಹುಬ್ಬಳ್ಳಿ ಕಮರಿಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ, ಎಲ್ಲರೂ ಚಾಚಾ ಎಂದೇ ಕರೆಯುತ್ತಿದ್ದ ಹಿರಿಯರು. ರವಿವಾರ ರೈಲು ಹತ್ತಿ ಹೋದೆ. ಠೀವಿಯಿಂದ ಕಾಲಾಳನ್ನು ಎರಡು ಮನೆ ನಡೆಸಿದೆ. ಚಾಚಾ ಮೆಲ್ಲಗೆ ಅದನ್ನು ಒಂದು ಮನೆ ಹಿಂದಿಟ್ಟರು.

"ಮಾಸ್ತರ, ನಮ್ಮ ಆಟದಾಗ ಕಾಲಾಳು ಒಂದ ಮನಿ ನಡೀತೈತ್ರಿ. ಎರಡು ಮನಿ ಸಾಹೇಬ್ರ ಆಟದಾಗ."

ಆರು ತಿಂಗಳು ಮೊದಲ ನಡೆಗೇ ಮಣ್ಣುಪಾಲು. ನನ್ನ ಮೋರೆ ನೋಡಿ ಅವರು ತಮ್ಮ ಮಂತ್ರಿಯನ್ನೇ ತೆಗೆದು ಪಕ್ಕಕ್ಕಿಟ್ಟರು. "ಇದಿಲ್ದ ಆಡ್ತೇನಿ. ಗೆದ್ರ ಬೆಳಗಾವಿಗೆ ಬರ್ರಿ."

ನಾಚಿಕೆ ನುಂಗಿಕೊಂಡು ಆಡಿದೆ. ಕೊನೆಗೆ ಅವರಲ್ಲಿ ರಾಜ ಮತ್ತು ಒಂದು ಕಾಲಾಳು, ನನ್ನಲ್ಲಿ ಎರಡು ಆನೆ. ರಾಜನನ್ನು ಕಟ್ಟಿಹಾಕುವುದು ಹೇಗೆ? ನನಗೇನು ಗೊತ್ತು! ಕಂಡದ್ದನ್ನು ಹೊಡೆಯುವುದೊಂದೇ ಗೊತ್ತು. ಆ ಕಾಲಾಳನ್ನೂ ಹೊಡೆದೆ.

"ಅಯ್ಯಯ್ಯ, ಏನ ಮಾಡಿದ್ರಿ!" ಎಂದರು ಸುತ್ತ ನಿಂತವರು.

"ನಮ್ಮ ಆಟದಾಗ ರಾಜಾ ಒಬ್ಬನ ಉಳದ್ರ ಆಟ ಸಮ ಆತ್ರಿ, ಗೆದ್ಹಂಗಲ್ಲ," ಚಾಚಾ ನಿಟ್ಟುಸಿರುಬಿಟ್ಟರು. "ಮುಗಸೂದು ನಿಮಗ ಯಾರೂ ಕಲಿಸಿಲ್ಲೇನ್ರಿ?"

ಬೆಳಗಾವಿಗೆ ಬೇರೆಯವನು ಹೋದ.

ಮನೆಗೆ ಬಂದರೆ ಕಾಕಾ ಬಾಗಿಲಲ್ಲೇ ಕೇಳಿದರು, "ಹನ್ನೆರಡೂ ನಡಿ ಬರೋಬ್ಬರಿ ಬಂದುವೇನೋ?"

ನನಗೆ ತಡೆಯಲಾಗಲಿಲ್ಲ. "ಮುಗಸೂದು ಯಾಕ ಕಲಿಸಲಿಲ್ರಿ? ಈ ಪುಸ್ತಕದಾಗ ಇಲ್ಲೇನು ಅದು?" ಎಂದು ಕೂಗಾಡುತ್ತ ಪುಸ್ತಕ ಕಿತ್ತು ಕಡೆಯ ಭಾಗ ತೆರೆಯಹೋದೆ. ತೆರೆಯಲು ಬರಲಿಲ್ಲ. ಆಗಿನ ಪುಸ್ತಕಗಳ ಹಾಳೆಗಳು ಅಂಚಿನಲ್ಲಿ ಕೂಡಿಕೊಂಡೇ ಬರುತ್ತಿದ್ದವು, ಓದುವವನೇ ಕತ್ತರಿಸಿ ಬಿಡಿಸಿಕೊಳ್ಳಬೇಕು; ಈ ಹಾಳೆಗಳನ್ನು ಯಾರೂ ಕತ್ತರಿಸಿರಲೇ ಇಲ್ಲ.

ಕಾಕಾ ನನ್ನ ಕಡೆ ನೋಡಲಿಲ್ಲ. "ಅಲ್ಲೀಮಟ ಆಡಾಕ ನನಗೂ ಬರೂದಿಲ್ಲೋ," ಎಂದರು.