ಗಟಾರದ ದಂಡೆಯ ರೌಟರ್

ಯಂತ್ರಕ್ಕೆ ಜೀವವಿದೆ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಈಗ ನಗುವುದಿಲ್ಲ, ನಂಬಿದ್ದೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ನೀವೇ ನೋಡಿ.

ಕೊಲ್ಹಾಪುರದ ಆಸ್ಪತ್ರೆಯೊಂದಕ್ಕೆ ಗಡಹಿಂಗ್ಲಜದಲ್ಲಿ ಶಾಖೆಯಿತ್ತು. ಅಲ್ಲಿ ತೆಗೆದ ಸ್ಕ್ಯಾನ್ ಕೊಲ್ಹಾಪುರದ ದೊಡ್ಡ ಡಾಕ್ಟರಿಗೆ ತಲುಪುವ ಹಾಗೆ ಜಾಲ ಜೋಡಿಸುವುದು ನನ್ನ ಕೆಲಸ. ನೇರ ದಾರಿಯೊಂದು, ಇಚಲಕರಂಜಿಯ ಮೇಲಿಂದ ಸುತ್ತಿ ಬರುವ ದಾರಿಯೊಂದು. ರೌಟರುಗಳು ಅಕ್ಕಪಕ್ಕದವರನ್ನು ತಾವೇ ಮಾತಾಡಿಸಿಕೊಂಡು, ಒಂದು ದಾರಿ ಕಡಿದರೆ ಇನ್ನೊಂದನ್ನು ಹಿಡಿಯುತ್ತವೆ.

ಸುತ್ತುದಾರಿಯ ರೌಟರ್ ಇಚಲಕರಂಜಿಯ ಶಹಾಪುರ ಓಣಿಯ ಮಗ್ಗದ ಶೆಡ್ಡೊಂದರಲ್ಲಿತ್ತು. ಒಂದು ಮಧ್ಯಾಹ್ನ ಅದನ್ನು ಬದಲಿಸಲು ಹೋದೆ. ಶೆಡ್ಡಿನ ಗಂಗವ್ವಜ್ಜಿ ಅಮಾವಾಸ್ಯೆಗೊಮ್ಮೆ ಮಗ್ಗಗಳ ಜೊತೆ ಅದಕ್ಕೂ ಕುಂಕುಮ ಹಚ್ಚಿ, ಕಾಯಿನೀರು ಚಿಮುಕಿಸಿ, ಬೆಲ್ಲ ಇಡುತ್ತಿದ್ದಳು. ಮುಚ್ಚಳ ತೆಗೆದರೆ ಒಳಗಿನ ಅಂಟಿನಲ್ಲಿ ಜಿರಲೆಗಳು ಗಿಜಿಗುಡುತ್ತಿದ್ದವು. ಮೂಲೆಯಲ್ಲಿ ಇಲಿಮರಿಯೊಂದು ಕೊಳೆತಿತ್ತು.

“ಏನ್ ಹೊಲಸಬೇ ಇದು. ಮಷಿನ್ನಿಗೆ ಯಾರರೆ ಬೆಲ್ಲಾ ತಿನಸ್ತಾರೇನು?”

“ನಿಮ್ಮಂಗ ಪಗಾರಾ ಕೇಳಿಲ್ರಿ ಅದು, ಬೆಲ್ಲದ ಮ್ಯಾಲ ದುಡದೈತಿ,” ಎಂದಳು ಅಜ್ಜಿ. “ಹಂಗ ಒಗಿಬ್ಯಾಡ್ರಿ ಸಾಹೇಬ್ರ. ಒಂದ್ ಮಾತ್ ಹೇಳಿ ಕಳಸ್ರಿ.”

ಮೂಗು ಮುಚ್ಚಿಕೊಂಡು ತಂತಿ ಕಿತ್ತೆ. ರೌಟರನ್ನು ಹಿತ್ತಲಿಗೆ ಒಯ್ದು ಗಟಾರದ ದಂಡೆಗೆ ಕಾಲಿನಿಂದ ಒದ್ದೆ.

ಹೊಸ ರೌಟರಿಗೆ ದಾರಿ ಹೇಳಿಕೊಡುವ ಆದೇಶಗಳ ಒಂದು ಸಾಲನ್ನೂ ಇನ್ನೂ ಬರೆದಿರಲಿಲ್ಲ, ಗಡಹಿಂಗ್ಲಜದಿಂದ ಫೋನ್ ಬಂತು. ನೇರ ದಾರಿ ಕಡಿದಿದೆ. ಚಂದಗಡದ ಕಡೆಯ ಒಬ್ಬ ಹೆಂಗಸಿನ ತಲೆಗೆ ಪೆಟ್ಟು ಬಿದ್ದಿದೆ. ದೊಡ್ಡ ಡಾಕ್ಟರು ಸ್ಕ್ಯಾನ್ ನೋಡದೆ ಅಲ್ಲಿ ಯಾರೂ ಕೈ ಹಚ್ಚುವಂತಿಲ್ಲ. ಉಳಿದ ಒಂದು ದಾರಿಯನ್ನು ನಾನೇ ಕಿತ್ತಿದ್ದೆ. ಹೊಸದರ ಆದೇಶಗಳನ್ನು ಅವಸರದಲ್ಲಿ ಟೈಪ್ ಮಾಡತೊಡಗಿದೆ.

ಅರ್ಧವೂ ಆಗಿರಲಿಲ್ಲ, ಮತ್ತೆ ಅದೇ ಫೋನ್. “ಹೋತ್ ನೋಡ್ರಿ ಸ್ಕ್ಯಾನ್. ಡಾಕ್ಟರ್ ನೋಡ್ಯಾರ, ಆಪರೇಷನ್ ಚಾಲೂ ಆಗೇತಿ. ಭಾಳ ಛಲೋ ಮಾಡಿದ್ರಿ.”

ನಾನೇನೂ ಮಾಡಿರಲಿಲ್ಲ. ಮೊಬೈಲಿನಿಂದ ಕೊಲ್ಹಾಪುರದ ರೌಟರಿನೊಳಗೆ ಇಣುಕಿದೆ. ನೇರ ದಾರಿ ಕಡಿದೇ ಇತ್ತು. ಅದರ ಪಕ್ಕದ ರೌಟರುಗಳ ಪಟ್ಟಿಯಲ್ಲಿ ಮಾತ್ರ ಹಳೆಯ ರೌಟರಿನ ಸಂಖ್ಯೆ ಕೂತಿತ್ತು. ಹೋದವರ ಹೆಸರು ಪಟ್ಟಿಯಲ್ಲಿ ತುಸು ಹೊತ್ತು ಉಳಿಯುವುದುಂಟು. ಆದರೆ ಬರೀ ಹೆಸರಿನ ಮೇಲೆ ಸ್ಕ್ಯಾನ್ ದಾಟುವುದಿಲ್ಲ. ಹಿತ್ತಲಿಗೆ ಓಡಿದೆ. ಹಳೆಯ ರೌಟರ್ ತಂತಿಯಿಲ್ಲದೆ, ಬಾಯಿ ತೆರೆದು, ಒದ್ದಲ್ಲೇ ಬಿದ್ದಿತ್ತು. ನಾನು ನೋಡುತ್ತಿದ್ದಂತೆಯೇ ಮೊಬೈಲಿನಲ್ಲಿ ಆ ಸಂಖ್ಯೆ ಅಳಿಸಿಹೋಯಿತು.

ಹೆಂಗಸು ಬದುಕಿದಳು. ಆಸ್ಪತ್ರೆಯವರು ನನ್ನನ್ನು ಹೊಗಳಿದರು. ಸ್ಕ್ಯಾನ್ ಹೇಗೆ ದಾಟಿತೋ ಇಂದಿಗೂ ತಿಳಿದಿಲ್ಲ. ಬೆಲ್ಲದ ವಾಸನೆ ಬಂದರೆ ಈಗಲೂ ಮೂಗು ಮುಚ್ಚಿಕೊಳ್ಳುತ್ತೇನೆ. ಜಿರಲೆಗಳು ನೆನಪಾಗುವುದಿಲ್ಲ; ಒದ್ದ ಕಾಲು ನೆನಪಾಗುತ್ತದೆ.