ಪೂಜೆಗೆ ಇಡದೆ ಉಳಿಸಿಕೊಂಡ ಜಾಕ್

ಕೊರೊನಾ ಗದ್ದಲ ಪೂರ್ತಿ ತಣ್ಣಗಾದ ಮೇಲೆ ಬಂದ ಎರಡನೆಯ ದಸರಾ ಅದು. ಹುನಗುಂದದಿಂದ ಅಮೀನಗಡದ ಕಡೆಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಗ್ಯಾರೇಜ್ ಇತ್ತು. ಮಾಲೀಕನೂ ನಾನೇ, ಹೆಡ್ ಮೆಕ್ಯಾನಿಕ್ಕೂ ನಾನೇ. ಪಿಕಪ್ ಗಾಡಿ, ಟ್ರ್ಯಾಕ್ಟರ್, ಇಳಕಲ್ಲಿನ ಕ್ವಾರಿಗಳಿಂದ ಕಲ್ಲು ಹೊರುವ ಟಿಪ್ಪರ್, ಇವುಗಳ ಕೆಳಗೆ ಮಲಗಿ ಎದ್ದು ಮೂವತ್ತೊಂದು ವರ್ಷ ಕಳೆದಿದ್ದೆ. ಈಗ ಕೆಲಸ ಬಿಟ್ಟಿದ್ದೇನೆ, ಆದರೆ ಊರಿನವರು ನನ್ನನ್ನು ಸಲಹೆ ಕೇಳುವುದನ್ನು ಬಿಟ್ಟಿಲ್ಲ. ಡಿಸ್ಕೌಂಟ್ ಅಂಗಡಿಯಲ್ಲಿ ಸಿಗುವ ನಟ್ಟು ಬಿಚ್ಚುವ ಅಗ್ಗದ ಪಾನಾ, ಇಕ್ಕಳ, ಜಾಕ್ ಕೊಳ್ಳಬಹುದೇ ಎಂಬುದು ಅವರ ಖಾಯಂ ಪ್ರಶ್ನೆ. ಒಂದು ಮಾತಿನಲ್ಲಿ ಉತ್ತರ ಕೊಡಲು ನನಗೆ ಆಗುವುದಿಲ್ಲ. ಬಾಯಿ ತೆರೆದ ಕೂಡಲೇ ಸಂಗಪ್ಪನ ಎದೆಯ ಮೇಲೆ ಗಾಡಿ ಇಳಿದ ಆ ಬೆಳಗು ನೆನಪಾಗುತ್ತದೆ.

ಸಂಗಪ್ಪ ಕಮತಗಿಯವನು. ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗದ ಮುಂದೆ ಕೂರಲಾರದೆ ಗಾಡಿಯ ಕೆಳಗೆ ಸೇರಿದವನು. ನನ್ನ ಜತೆ ಹದಿನೇಳು ವರ್ಷ ದುಡಿದಿದ್ದ. ನಾನು ಆತುರಗಾರ, ಅವನು ನಿಧಾನಿ. ಜಾಕ್ ಹಾಕಿ ಗಾಡಿ ಎತ್ತಿದ ಮೇಲೆ ಅದರ ತಳದ ಚೌಕಟ್ಟಾದ ಚಾಸಿಯ ಕೆಳಗೆ ಘೋಡಿ ಇಡದೆ ಅವನು ತಲೆ ತೂರಿಸುತ್ತಿರಲಿಲ್ಲ. ಘೋಡಿ ಎಂದರೆ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್. ಜಾಕ್ ಕೈಕೊಟ್ಟರೆ ಗಾಡಿಯ ಭಾರ ಅದರ ಮೇಲೆ ಕೂರುತ್ತದೆ. ನಮ್ಮಲ್ಲಿ ಎರಡು ಘೋಡಿ ಇದ್ದವು. ಸಂಗಪ್ಪ ಅವುಗಳನ್ನು ಎಳೆದು ತರುವಷ್ಟರಲ್ಲಿ ನಾನು ಅರ್ಧ ಕೆಲಸ ಮುಗಿಸುತ್ತೇನೆಂದು ಗಿರಾಕಿಗಳ ಮುಂದೆ ಅವನನ್ನು ಕಾಡಿಸುತ್ತಿದ್ದೆ.

ನಮ್ಮ ಕಡೆ ಮಹಾನವಮಿಯ ದಿನ ಖಂಡೇ ಪೂಜೆ, ಅಂದರೆ ಆಯುಧ ಪೂಜೆ. ಮನೆಯಲ್ಲಿ ಕುಡುಗೋಲು, ಕೊಡಲಿ ಇಟ್ಟರೆ ಗ್ಯಾರೇಜಿನಲ್ಲಿ ನಮ್ಮ ಸಾಮಾನು ಇಡುತ್ತೇವೆ. ಪಾನಾ, ಸುತ್ತಿಗೆ, ಜಾಕ್, ಘೋಡಿ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿ ಕೂಡಿಸುತ್ತೇವೆ. ಒಮ್ಮೆ ಕೂಡಿಸಿದ ಮೇಲೆ ಮರುದಿನ ಬನ್ನಿ ಕೊಟ್ಟು ತೆಗೆದುಕೊಳ್ಳುವವರೆಗೆ ಅವುಗಳನ್ನು ಮುಟ್ಟುವಂತಿಲ್ಲ. ಇದನ್ನು ನನ್ನ ಅಪ್ಪ ನನಗೆ ಪೆಟ್ಟು ಕೊಟ್ಟೇ ಕಲಿಸಿದ್ದ. ಎಂಟನೆಯ ವಯಸ್ಸಿನಲ್ಲಿ ಪೂಜೆಗಿಟ್ಟ ಇಕ್ಕಳ ಎತ್ತಿದ್ದಕ್ಕೆ ತಿಂದ ಏಟು ಇನ್ನೂ ಮರೆತಿಲ್ಲ.

ತೊಂದರೆ ಏನೆಂದರೆ, ಗಾಡಿಗಳು ಪೂಜೆಯ ದಿನವೇ ಕೆಡುತ್ತವೆ. ಹಬ್ಬದ ಸರಕು ಓಡಾಡುವುದೇ ಆಗ. ಪ್ರತಿ ವರ್ಷ ಯಾರಾದರೂ ಬಂದು ಗೋಗರೆಯುವುದು, ನಾನು ಕೈ ಮುಗಿದು ವಾಪಸು ಕಳಿಸುವುದು ನಡೆದೇ ಇತ್ತು. ಆ ವರ್ಷ ನನಗೊಂದು ಉಪಾಯ ಹೊಳೆಯಿತು. ಪೂಜೆಗೆ ಇಡದ ಬೇರೆಯೇ ಒಂದು ಸೆಟ್ ಇಟ್ಟುಕೊಂಡರೆ? ಅದನ್ನು ಮುಟ್ಟಿದರೆ ದೋಷವಿಲ್ಲ. ದೇವರಿಗೂ ಸಮಾಧಾನ, ಗಿರಾಕಿಗೂ ಸಮಾಧಾನ. ಹಬ್ಬಕ್ಕೆ ನಾಲ್ಕು ದಿನ ಮೊದಲು ಬಾಗಲಕೋಟೆಯ ನವನಗರಕ್ಕೆ ಹೋದೆ. ಅಲ್ಲಿ ಪ್ಲಾಸ್ಟಿಕ್ ಬಕೆಟ್ಟಿನಿಂದ ಗೋಡೆ ಗಡಿಯಾರದವರೆಗೆ ಎಲ್ಲವನ್ನೂ ಅಗ್ಗಕ್ಕೆ ಮಾರುವ ದೊಡ್ಡ ಅಂಗಡಿಯೊಂದು ಹೊಸದಾಗಿ ತೆರೆದಿತ್ತು. ವರ್ಷಕ್ಕೆ ಒಂದು ದಿನದ ಕೆಲಸಕ್ಕೆ ಒಳ್ಳೆಯ ಸಾಮಾನು ಯಾಕೆ ಎಂದುಕೊಂಡೆ. ಒಂದು ಪೆಟ್ಟಿಗೆ ಪಾನಾ, ಸುತ್ತಿಗೆ, ಅಳತೆ ಟೇಪು, ಟಾರ್ಚು, ಒಂದು ಹೈಡ್ರಾಲಿಕ್ ಜಾಕ್ ತಂದೆ. ಜಾಕಿನ ಮೇಲೆ ‘ಹತ್ತು ಟನ್’ ಎಂದು ಕೆಂಪು ಸ್ಟಿಕರ್ ಇತ್ತು. ಕೈಯಲ್ಲಿ ಹಿಡಿದಾಗ ನನ್ನ ಹಳೆಯ ಜಾಕಿಗಿಂತ ಹಗುರ ಅನಿಸಿತು. ಹಗುರ ಅನಿಸಿದ್ದು ನನಗೆ ಖುಷಿಯನ್ನೇ ಕೊಟ್ಟಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಸಂಗಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಅಣ್ಣಾರ, ಇದು ಆಟಿಗಿ ಸಾಮಾನ ಇದ್ದಂಗ ಐತಿ" ಎಂದ.

"ನಿನಗ ಎಲ್ಲಾದರಾಗೂ ಸಂಶಯ. ಹತ್ತು ಟನ್ ಅಂತ ಬರದೈತಿ, ಓದಾಕ ಬರೂದಿಲ್ಲೇನು?" ಎಂದು ನಾನು ಬಾಯಿ ಮುಚ್ಚಿಸಿದೆ.

ನವಮಿಯ ದಿನ ಬೆಳಿಗ್ಗೆ ಎಂಟಕ್ಕೆ ಪೂಜೆ ಮುಗಿಯಿತು. ಪ್ರತಿ ವರ್ಷ ನಮ್ಮ ಗ್ಯಾರೇಜಿನ ಪೂಜೆ ಮಾಡುವುದು ಸಂಗಪ್ಪನ ಹೆಂಡತಿ ನೀಲವ್ವ. ನನ್ನ ಹೆಂಡತಿ ತೀರಿಕೊಂಡ ಮೇಲೆ ಆ ಕೆಲಸ ಅವಳು ಹೊತ್ತುಕೊಂಡಿದ್ದಳು. ಒಳಕೋಣೆಯಲ್ಲಿ ಸಾಮಾನು ಕೂಡಿಸಿ, ನಡುವೆ ನನ್ನ ಹಳೆಯ ಜಾಕ್ ಇಟ್ಟು, ಎರಡೂ ಪಕ್ಕ ಘೋಡಿ ನಿಲ್ಲಿಸಿ, ಅವಕ್ಕೂ ಮಾಲೆ ಹಾಕಿದ್ದಳು. ಕಾಯಿ ಒಡೆದು, ಹೋಳಿಗೆಯ ಎಡೆ ಹಿಡಿದಾಯಿತು. ಹತ್ತು ಗಂಟೆಯ ಸುಮಾರಿಗೆ ಒಂದು ಪಿಕಪ್ ಗಾಡಿ ಬಲಕ್ಕೆ ವಾಲಿಕೊಂಡು ಬಂದು ಬಾಗಿಲಲ್ಲಿ ನಿಂತಿತು. ಒಳಗೆ ಅಮೀನಗಡದ ಕರದಂಟಿನ ಪೆಟ್ಟಿಗೆಗಳು. ಸಂಜೆಯೊಳಗೆ ವಿಜಯಪುರದ ಅಂಗಡಿಗಳಿಗೆ ಮುಟ್ಟಬೇಕಿತ್ತು.

ಹಿಂದಿನ ಬಲಗಡೆಯ ಯು-ಬೋಲ್ಟ್ ತುಂಡಾಗಿತ್ತು. ಗಾಡಿಯ ಕಮಾನು ಪಟ್ಟಿಗಳನ್ನು ಅಚ್ಚಿಗೆ ಬಿಗಿದು ಹಿಡಿಯುವ ಬೋಲ್ಟ್ ಅದು. ಅಚ್ಚು ಸರಿದು, ಟೈರು ಗಾಡಿಯ ಮೈಗೆ ಉಜ್ಜಿ ಸೀಳಿತ್ತು. ನಾನು ಹೊಸ ಜಾಕ್ ತಂದು ಚಾಸಿಯ ಕೆಳಗಿಟ್ಟು ಎತ್ತಿದೆ. ಸಲೀಸಾಗಿ ಎತ್ತಿತು. ಗಾಲಿ ಬಿಚ್ಚಿದೆವು. ಡ್ರೈವರ್ ಅದನ್ನು ಆಟೋದಲ್ಲಿ ಹಾಕಿಕೊಂಡು ಟೈರು ಹಾಕಿಸಲು ಊರೊಳಗೆ ಹೋದ. ಬಿಚ್ಚಿದ ಗಾಲಿ ಅಲ್ಲೇ ಇದ್ದಿದ್ದರೆ ಅದನ್ನಾದರೂ ಚಾಸಿಯ ಕೆಳಗೆ ಮಲಗಿಸಬಹುದಿತ್ತು. ಅದೂ ಹೋಯಿತು.

ಸಂಗಪ್ಪ ಕೆಳಗೆ ಹೋಗದೆ ನಿಂತಿದ್ದ. "ಘೋಡಿ?" ಎಂದ.

"ಪೂಜಾದಾಗ ಕುಂತಾವಲ್ಲೋ. ಹತ್ತು ನಿಮಿಷದ ಕೆಲಸ, ಹೋಗು."

ಅವನು ನನ್ನ ಮುಖವನ್ನೇ ನೋಡಿದ. ಹದಿನೇಳು ವರ್ಷ ಅನ್ನ ಹಾಕಿದವನ ಮಾತು ಎಂದೋ ಏನೋ, ಗೋಣಿಚೀಲ ಹಾಸಿಕೊಂಡು ಕೆಳಗೆ ಸರಿದ.

ಜಾಕಿನ ಬುಡದಲ್ಲಿ ಎಣ್ಣೆಯ ಒಂದು ಹನಿ ಇತ್ತು. ನಾನು ಅದನ್ನು ಕಂಡೆ. ಹೊಸ ಸಾಮಾನಿಗೆ ಹಚ್ಚಿದ ಎಣ್ಣೆ ಇರಬೇಕೆಂದು ಚಿಂದಿಯಿಂದ ಒರೆಸಿದೆ. ಸ್ವಲ್ಪ ಹೊತ್ತಿಗೆ ಮತ್ತೊಂದು ಹನಿ. ಅದನ್ನೂ ಒರೆಸಿದೆ. ಹಬ್ಬದ ದಿನವಾದ್ದರಿಂದ ಅಕ್ಕಪಕ್ಕದ ಅಂಗಡಿಗಳೆಲ್ಲ ಮುಚ್ಚಿದ್ದವು. ರಸ್ತೆಯ ಮೇಲೆ ಆಗೊಂದು ಈಗೊಂದು ಬಸ್ಸು. ಇಷ್ಟು ನಿಶ್ಶಬ್ದವಾಗಿ ನನ್ನ ಗ್ಯಾರೇಜನ್ನು ನಾನು ಎಂದೂ ಕಂಡಿರಲಿಲ್ಲ.

ಕೆಳಗಿನಿಂದ ಸಂಗಪ್ಪ ಕೂಗಿದ. "ಅಣ್ಣಾರ, ಗಾಡಿ ಕೆಳಗ ಬರಾಕತ್ತೈತೇನು ನೋಡ್ರಿ."

"ಗಾಡಿ ಅಲ್ಲೇ ಐತಿ. ಹೋಳಿಗಿ ತಿಂದು ನಿನ್ನ ಹೊಟ್ಟಿ ಮ್ಯಾಲೆ ಬಂದೈತಿ" ಎಂದು ನಾನು ನಕ್ಕೆ.

ಅವನು ನಗಲಿಲ್ಲ. ಪಾನಾದ ಸದ್ದೂ ನಿಂತಿತು. ಬಗ್ಗಿ ನೋಡಿದೆ. ಜಾಕಿನ ಹೊಳೆಯುವ ದಂಡ ಎತ್ತಿದಾಗ ನನ್ನ ಗೇಣಿನಷ್ಟು ಹೊರಗಿತ್ತು. ಈಗ ಅದರ ಅರ್ಧವೂ ಇರಲಿಲ್ಲ. ನಾನು ನೋಡುತ್ತಿದ್ದಂತೆಯೇ ಅದು ಒಳಗೆ ಹೋಗುತ್ತಿತ್ತು, ಸದ್ದಿಲ್ಲದೆ, ಅವಸರವಿಲ್ಲದೆ. ಸಂಗಪ್ಪನ ಎದೆಗೂ ಚಾಸಿಯ ಅಡ್ಡಪಟ್ಟಿಗೂ ನಡುವೆ ಜಾಗವೇ ಉಳಿದಿರಲಿಲ್ಲ. ಅವನು ಸರಿಯಲು ನೋಡಿದ. ಭುಜ ಕಮಾನಿನ ಕೊಂಡಿಗೆ ಸಿಕ್ಕಿತ್ತು.

ನಾನು ಜಾಕಿನ ಹಿಡಿಕೆ ಹಿಡಿದು ಒತ್ತಿದೆ. ಜಾಕಿನಲ್ಲಿ ಹಿಡಿಕೆ ಒತ್ತಿದಾಗ ಎಣ್ಣೆ ದಂಡದ ಕೆಳಗೆ ನುಗ್ಗಿ ಅದನ್ನು ಮೇಲೆತ್ತುತ್ತದೆ. ಎಣ್ಣೆ ಹೊರಬಾರದಂತೆ ಒಂದು ರಬ್ಬರ್ ಉಂಗುರ ತಡೆಯುತ್ತದೆ, ಅದನ್ನು ಸೀಲ್ ಎನ್ನುತ್ತೇವೆ. ನಾನು ಒತ್ತಿದಷ್ಟೂ ಎಣ್ಣೆ ಸೀಲಿನ ಪಕ್ಕದಿಂದ ಬುಳಬುಳನೆ ಉಕ್ಕಿ ನನ್ನ ಕೈ ತೋಯಿಸಿತು. ದಂಡ ಒಂದು ಕೂದಲಿನಷ್ಟೂ ಏರಲಿಲ್ಲ. "ಉಸುರು ಬರವಲ್ದು" ಎಂದ ಸಂಗಪ್ಪ. ಅದು ಕೂಗಾಗಿರಲಿಲ್ಲ, ಬರೀ ಗಾಳಿ.

ಒಳಕೋಣೆಗೆ ಓಡಿದೆ. ಹಳೆಯ ಜಾಕ್ ನಡುವೆ ಕೂತಿತ್ತು. ಮಾಲೆ, ಕುಂಕುಮ, ಮುಂದೆ ಉರಿಯುತ್ತಿದ್ದ ದೀಪ. ಪೂರ್ತಿ ಇಳಿಸಿದರೂ ಆ ಜಾಕಿನ ಎತ್ತರ ಎಂಟು ಇಂಚು ಎಂಬುದು ನನಗೆ ಬಾಯಿಪಾಠ. ಚಾಸಿಯ ಕೆಳಗಿನ ಸಂದು ಎಂಟಕ್ಕಿಂತ ಕಡಿಮೆಯಾದರೆ ಅದು ಒಳಗೆ ಹೋಗುವುದೇ ಇಲ್ಲ. ಎಲ್ಲ ಗೊತ್ತಿದ್ದೂ ನಾನು ಹೊಸ್ತಿಲಲ್ಲಿ ನಿಂತೆ. ಇದನ್ನು ಬರೆಯಬಾರದೆಂದು ತುಂಬ ಸಲ ಅಂದುಕೊಂಡಿದ್ದೇನೆ. ನನ್ನ ಕೈ ಮುಂದೆ ಹೋಗಲಿಲ್ಲ. ಹೊರಗೆ ಮನುಷ್ಯ ಸಾಯುತ್ತಿದ್ದಾನೆ, ನಾನು ಅಪ್ಪನ ಏಟಿಗೆ ಹೆದರಿದ ಎಂಟು ವರ್ಷದವನಾಗಿ ನಿಂತಿದ್ದೆ. ಎರಡು ಕ್ಷಣವೋ ಮೂರು ಕ್ಷಣವೋ, ಅಷ್ಟೇ. ಆದರೆ ನಿಂತಿದ್ದು ನಿಜ.

ಹಿತ್ತಲಲ್ಲಿದ್ದ ನೀಲವ್ವ ಗದ್ದಲ ಕೇಳಿ ಓಡಿ ಬಂದು, ಗಾಡಿಯ ಕೆಳಗೆ ಗಂಡನನ್ನು ಕಂಡಿದ್ದಳು. ನನ್ನನ್ನು ಪಕ್ಕಕ್ಕೆ ನೂಕಿ ಒಳಗೆ ಹೋದಳು. ಎಡೆಯ ತಾಟನ್ನು ಕಾಲಿನಿಂದ ಸರಿಸಿ, ಜಾಕನ್ನು ಎರಡೂ ಕೈಯಿಂದ ಎತ್ತಿದಳು. ದೀಪ ಉರುಳಿತು.

"ದೇವರಿಗೆ ನಾ ಹೇಳ್ಕೋತೇನಿ. ನೀವು ಹಿಡೀರಿ!"

ಹಿಡಿದೆ. ಓಡಿದೆ. ಚಾಸಿಯ ಕೆಳಗೆ ಮಾಲೆಯ ಸಮೇತ ತಳ್ಳಿದೆ. ಚೆಂಡು ಹೂವು ಜಜ್ಜಿದವು, ಜಾಕಿನ ತಲೆ ಕಬ್ಬಿಣಕ್ಕೆ ಗೀರಿಕೊಂಡು ಒಳಗೆ ಹೋಯಿತು. ಹಿಡಿಕೆ ಸಿಕ್ಕಿಸಿ ಒತ್ತಿದೆ. ಮೊದಲ ಒತ್ತಿಗೇ ಅದು ಭಾರ ಹಿಡಿಯಿತು. ನೀಲವ್ವ ಆಗಲೇ ಒಂದು ಘೋಡಿ ಎಳೆದು ತಂದು ನಾನು ತೋರಿಸಿದ ಕಡೆ ಸೇರಿಸಿದ್ದಳು. ಇಬ್ಬರೂ ಸಂಗಪ್ಪನ ಕಾಲು ಹಿಡಿದು ಹೊರಗೆ ಎಳೆದೆವು. ಮುಖ ನೀಲಿಗಟ್ಟಿತ್ತು. ಅವಳು ಅವನ ಅಂಗಿ ಹರಿದು ಎದೆಯ ಮೇಲೆ ಕೈಯಿಟ್ಟು ಕೂತಳು. ಅವನು ಮೊದಲ ಉಸಿರು ಎಳೆದಾಗ ಬಂದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಮೂರು ಪಕ್ಕೆಲುಬು ಮುರಿದಿದ್ದವು. ಹುನಗುಂದದ ದವಾಖಾನೆಯಿಂದ ಬಾಗಲಕೋಟೆಗೆ ಕಳಿಸಿದರು. ಒಂಬತ್ತು ದಿನ ಅಲ್ಲಿದ್ದ. ಅಷ್ಟೂ ದಿನ ನೀಲವ್ವ ನನ್ನ ಜತೆ ಅಗತ್ಯಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ.

ಆ ಜಾಕನ್ನು ನಾನು ಬೆಂಚಿನ ಮೇಲೆ ಬಿಚ್ಚಿ ನೋಡಿದೆ. ಸೀಲಿನ ರಬ್ಬರಿನ ಅಂಚು ಒರಟಾಗಿ ಕತ್ತರಿಸಿದಂತಿತ್ತು. ಅದು ಕೂರುವ ಕಬ್ಬಿಣದ ತೋಡನ್ನು ನಯಮಾಡಿರಲೇ ಇಲ್ಲ, ಉಗುರಿಗೆ ಗೀರು ತಾಗುತ್ತಿತ್ತು. ಪೆಟ್ಟಿಗೆಯ ತಳದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಎಚ್ಚರಿಕೆ ಇತ್ತು: ಸ್ಟ್ಯಾಂಡ್ ಇಲ್ಲದೆ ವಾಹನದ ಕೆಳಗೆ ಹೋಗಬಾರದು. ಅಂಗಡಿಯವನ ಜತೆ ಜಗಳಕ್ಕೆ ಹೊರಟಿದ್ದವನು ಅದನ್ನು ಓದಿ ಜಾಕನ್ನು ಮತ್ತೆ ಪೆಟ್ಟಿಗೆಗೆ ಹಾಕಿದೆ. ಒಳ್ಳೆಯ ಜಾಕ್ ಕೂಡ ಒಂದಲ್ಲ ಒಂದು ದಿನ ಕೈಕೊಡುತ್ತದೆ, ಅದಕ್ಕೇ ಘೋಡಿ ಇರುವುದು. ಅಗ್ಗದ ಜಾಕ್ ತಂದವನೂ ನಾನೇ, ಘೋಡಿ ಬೇಡ ಎಂದವನೂ ನಾನೇ.

ಹಾಗೆಂದು ಅಗ್ಗದ ಸಾಮಾನೆಲ್ಲ ಕಸ ಎಂದು ನಾನು ಹೇಳುವುದಿಲ್ಲ. ಆ ಹೊಸ ಜಾಕ್ ಇಳಿದು ನಿಂತಿದ್ದ ಎತ್ತರವನ್ನು ಆಮೇಲೆ ಅಳೆದದ್ದು ಅದೇ ಅಂಗಡಿಯ ಟೇಪಿನಿಂದ. ಎಂಟೂಕಾಲು ಇಂಚು ಬಂತು. ಒಳ್ಳೆಯ ಸ್ಟೀಲ್ ಪಟ್ಟಿ ಇಟ್ಟು ತಾಳೆ ನೋಡಿದೆ, ಅಲ್ಲೂ ಎಂಟೂಕಾಲೇ. ಹಳೆಯ ಜಾಕ್ ಒಳಗೆ ಹೋಗಲು ಕಾಲು ಇಂಚಷ್ಟೇ ಮಿಕ್ಕಿತ್ತು. ಆ ಟೇಪು, ಆ ಟಾರ್ಚು ಇವತ್ತಿಗೂ ಮನೆಯಲ್ಲಿವೆ. ಪಾನಾಗಳಲ್ಲಿ ಎರಡು ಬಾಯಿ ಬಿಟ್ಟವು, ಉಳಿದವು ಸೈಕಲ್ಲಿಗೆ, ನಲ್ಲಿಗೆ ಸಾಕು. ಸುತ್ತಿಗೆಯ ತಲೆ ಅಲುಗಾಡುತ್ತಿತ್ತು, ಅದನ್ನು ಎಸೆದೆ. ಕೆಟ್ಟರೆ ಕೆಲಸವಷ್ಟೇ ನಿಲ್ಲುತ್ತದೆ ಎನ್ನುವ ಸಾಮಾನನ್ನು ಎಲ್ಲಿಂದ ಬೇಕಾದರೂ ತನ್ನಿ. ಕೆಟ್ಟರೆ ಮನುಷ್ಯನ ಉಸಿರೇ ನಿಲ್ಲುತ್ತದೆ ಎನ್ನುವುದನ್ನು ಅಲ್ಲಿಂದ ತರಬೇಡಿ. ನನ್ನನ್ನು ಕೇಳುವವರಿಗೆ ಇಷ್ಟು ಹೇಳುತ್ತೇನೆ. ಇದು ಅರ್ಧ ಉತ್ತರ.

ಇನ್ನರ್ಧ ಸಂಗಪ್ಪನಿಂದ ಬಂತು. ಸಂಕ್ರಾಂತಿ ಕಳೆದ ಮೇಲೆ ಅವನು ಕೆಲಸಕ್ಕೆ ಮರಳಿದ. ಬರುವುದಿಲ್ಲವೆಂದೇ ನಾನು ತಿಳಿದಿದ್ದೆ. ಮೊದಲ ದಿನ ಬಂದದ್ದು ಒಂದು ಟಿಪ್ಪರ್. ಹೊಸದಾಗಿ ಕಂಪನಿ ಅಂಗಡಿಯಿಂದ ತಂದ ದೊಡ್ಡ ಜಾಕ್ ಹಾಕಿ ನಾನೇ ಎತ್ತಿದೆ, ಹೊಸ ಎರಡೂ ಸೇರಿ ನಾಲ್ಕು ಘೋಡಿ ಕೊಟ್ಟೆ, ಒಂದೊಂದನ್ನೂ ಒದ್ದು ಗಟ್ಟಿಯಿದೆಯೇ ನೋಡಿದೆ. ಅವನು ಗೋಣಿಚೀಲ ಹಾಸಿದ. ಆದರೆ ಮಲಗಲಿಲ್ಲ. ಚೀಲದ ಕಡೆ ಕೈ ತೋರಿಸಿದ.

"ಜಾಕ್ ತಂದಾವರು ನೀವು. ಮೊದಲ ನೀವು ಹೋಗ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಅಂಗಾತ ಮಲಗಿ ಒಳಗೆ ಸರಿದೆ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ತಲೆಯ ಮೇಲಿನ ಕಬ್ಬಿಣಕ್ಕೆ ಎಷ್ಟು ತೂಕವಿದೆ ಎಂದು ಯೋಚಿಸಿದೆ. ಹೊರಗೆ ಅವನ ಎರಡು ಕಾಲು ಅಲ್ಲಾಡದೆ ನಿಂತಿದ್ದವು. ಅವನು ಕರೆಯುವವರೆಗೆ ನಾನು ಹೊರಗೆ ಬರಲಿಲ್ಲ.

ಗ್ಯಾರೇಜ್ ಮುಚ್ಚುವ ದಿನದವರೆಗೂ ನಮ್ಮಲ್ಲಿ ಅದೇ ಪದ್ಧತಿ ನಡೆಯಿತು. ಯಾವ ಜಾಕ್ ತಂದರೂ ಅದು ಎತ್ತಿದ ಗಾಡಿಯ ಕೆಳಗೆ ಮೊದಲು ಮಲಗುವವನು ನಾನು, ಆಮೇಲೆ ಸಂಗಪ್ಪ. ಅಂದಿನಿಂದ ಡಿಸ್ಕೌಂಟ್ ಅಂಗಡಿಯಲ್ಲಿ ಜಾಕ್ ನೋಡಿ ನನಗೆ ಒಮ್ಮೆಯೂ ಆಸೆಯಾಗಲಿಲ್ಲ.