ಹುಣಸೆಹಣ್ಣಿನಲ್ಲಿ ಉಜ್ಜಿದ ನಾಗಪ್ಪ

ಹುಣಸೆಹಣ್ಣಿಗೆ ಒಲೆಯ ಬೂದಿ ಬೆರೆಸಿ ಕಿವುಚಿದಾಗ ಏಳುವ ಹುಳಿ ವಾಸನೆ ಮೂಗಿಗೆ ಬಿದ್ದರೆ ಸಾಕು, ಕಟ್ಟೆಮಳಲವಾಡಿಯ ನಮ್ಮ ಹಿತ್ತಲಿಗೆ ಹೋಗಿ ಕೂತುಬಿಡುತ್ತೇನೆ. ಆ ಮನೆ ಈಗಿಲ್ಲ. ಪಾಲಾಗಿ, ಮಾರಾಟವಾಗಿ, ಅಲ್ಲೀಗ ಯಾರದೋ ಶುಂಠಿ ಗೋದಾಮು ಎದ್ದಿದೆ. ನಿಮಗೂ ಇಂಥದೊಂದು ಹಿತ್ತಲು ಇದ್ದೀತು, ಹೋಗಲು ದಾರಿ ಮಾತ್ರ ಇರಲಿಕ್ಕಿಲ್ಲ. ನನ್ನದರಲ್ಲಿ ಸೋಮವಾರದ ಎಳೆಬಿಸಿಲು, ಬಾವಿಕಟ್ಟೆಯ ತಣ್ಣನೆ ಕಲ್ಲು, ವಿಭೂತಿ ಹಚ್ಚಿಕೊಂಡು ಕುಕ್ಕರುಗಾಲಲ್ಲಿ ಕೂತ ಅಜ್ಜಿ, ಅವಳ ಕೈಯಲ್ಲಿ ಗೇಣುದ್ದದ ಕಂಚಿನ ನಾಗಪ್ಪ. ಮುತ್ತಾತ ಹೊಲ ಉಳುವಾಗ ಸಿಕ್ಕ ಮೂರ್ತಿ ಅದು. ತಲೆಯ ಮೇಲೆ ಹಾವು ಹೆಡೆ ಬಿಚ್ಚಿತ್ತು, ಅದಕ್ಕೇ ನಾಗಪ್ಪ. ಹೆಡೆಯ ಒಂದು ಮಗ್ಗುಲು ನೇಗಿಲು ತಾಗಿ ಮುರಿದಿತ್ತು.

ಅವನ ಮೈಮೇಲೆ ಬಟ್ಟೆಯಿರಲಿಲ್ಲ. ಅಜ್ಜಿಗೆ ಅದೇ ಕೊರಗು. "ಪಾಪ, ಉಡಾಕೆ ಏನೂ ಇಲ್ಲ ಕಣವ್ವ ಇವನಿಗೆ" ಎನ್ನುತ್ತ ತನ್ನ ಹಳೇ ಸೀರೆಯ ಅಂಚು ಹರಿದು ಸೊಂಟಕ್ಕೆ ಸುತ್ತಿ, ಹಣೆಗೆ ಮೂರೆಳೆ ವಿಭೂತಿ ಎಳೆದು, ಲಿಂಗದ ಪಕ್ಕ ನಿಲ್ಲಿಸುತ್ತಿದ್ದಳು. ಎಲ್ಲ ದೇವರೂ ಕೈಯೆತ್ತಿ ಹರಸುವಾಗ ಇವನೇಕೆ ಮೊಣಕಾಲ ತನಕ ಕೈ ಇಳಿಬಿಟ್ಟಿದ್ದಾನೆ ಎಂದು ಒಮ್ಮೆ ಕೇಳಿದ್ದೆ. "ಎಲ್ಲಾನೂವೆ ಬುಟ್ಟವನೆ ಕಣವ್ವ. ಏನೂವೆ ಇಡ್ಕಂಡಿಲ್ಲ" ಎಂದಳು. ಉಜ್ಜುವ ಕೆಲಸ ನನ್ನದು. ಪೀಠದಲ್ಲಿ ಒಂದು ಪುಟ್ಟ ಗುರುತಿತ್ತು, ಅದರ ಸಂದಿಗಳಲ್ಲಿ ಕಿಲುಬು ಕೂರುತ್ತಿತ್ತು. "ಇನ್ನೊಂದೀಟು ಉಜ್ಜು, ಅಂಗೆ ಸವರಿದ್ರೆ ಬುಡ್ತದಾ?" ಎಂದು ಅಜ್ಜಿ ಗದರುವಳು. ತೆಂಗಿನ ನಾರು ಹಿಡಿದು ಹೆಬ್ಬೆರಳು ನೋಯುವ ತನಕ ತಿಕ್ಕುತ್ತಿದ್ದೆ. ಪೀಠ ನುಣ್ಣಗಾದಷ್ಟೂ ಅವಳಿಗೆ ಖುಷಿ, ನನಗೆ ಜಂಬ.

ಅಜ್ಜಿ ಹೋದ ಮೇಲೆ ಅಪ್ಪ ಮೂರ್ತಿಯನ್ನು ಒಂದು ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಈಗ ಅಪ್ಪನೂ ಇಲ್ಲ. ಹೋದ ತಿಂಗಳು ನೋಡಲು ಹೋದೆ. ಗಾಜಿನೊಳಗೆ ಅವನು ವಿಭೂತಿಯಿಲ್ಲದೆ, ಬಟ್ಟೆಯಿಲ್ಲದೆ ನಿಂತಿದ್ದ. ನಮ್ಮ ಮನೆಯ ಮೂರ್ತಿಯೆಂದು ತಿಳಿದು ಅಲ್ಲಿನ ಅಧಿಕಾರಿ, ಸಮಾಧಾನದ ಹೆಂಗಸು, ಬಿಡಿಸಿ ಹೇಳಿದರು: ಇವನು ಜೈನ ತೀರ್ಥಂಕರ, ಬೆತ್ತಲೆ ಎಂದರೆ ಬಡತನವಲ್ಲ, ತ್ಯಾಗ, ಇಳಿಬಿಟ್ಟ ಕೈಗಳು ದೇಹದ ಹಂಗನ್ನೂ ಬಿಟ್ಟ ಧ್ಯಾನದ ನಿಲುವು. ಓದು ಬರಹ ಬಾರದ ಅಜ್ಜಿ ಕೈಗಳನ್ನಾದರೂ ಸರಿಯಾಗಿಯೇ ಓದಿದ್ದಳಲ್ಲ ಎಂದು ನನಗೆ ಅಳು ಬಂತು.

"ಆದ್ರೆ ಯಾವ ತೀರ್ಥಂಕರ ಅಂತ ಗೊತ್ತಾಗ್ತಿಲ್ಲ" ಎಂದರು ಅವರು. "ಐದು ಹೆಡೆಯಾದ್ರೆ ಸುಪಾರ್ಶ್ವ, ಏಳಾದ್ರೆ ಪಾರ್ಶ್ವ. ಹೆಡೆ ಮುರಿದಿದೆ. ಪೀಠದ ಲಾಂಛನವೂ ಸವೆದುಹೋಗಿದೆ. ಸ್ವಸ್ತಿಕ ಇತ್ತಾ, ಹಾವಿತ್ತಾ? ಚಿಕ್ಕವರಿದ್ದಾಗ ನೀವು ನೋಡಿರ್ತೀರಲ್ಲ?"

ನೋಡಿದ್ದೆ, ವಾರವಾರವೂ ನೋಡಿದ್ದೆ. ಕಣ್ಣು ಮುಚ್ಚಿ ನಿಂತೆ. ಬಾವಿಕಟ್ಟೆ ಬಂತು, ಅಜ್ಜಿಯ ಬಳೆಯ ಸದ್ದು ಬಂತು, ಹೆಬ್ಬೆರಳ ಉರಿಯೂ ಬಂತು. ಆ ಗುರುತು ಮಾತ್ರ ಬರಲಿಲ್ಲ. ಕೇಳೋಣವೆಂದರೆ ಆ ಮನೆಯವರಲ್ಲಿ ಉಳಿದಿರುವವಳು ನಾನೊಬ್ಬಳೇ. ಉಜ್ಜಿ ಅಳಿಸಿದ್ದು ನಾನೇ ಎಂದು ಅವರಿಗೆ ಹೇಳಿದೆ. ಅವರು ನನ್ನ ತೋಳು ಮುಟ್ಟಿ ಹೋದರು. ಬಗ್ಗಿ ಮತ್ತೊಮ್ಮೆ ಪೀಠ ನೋಡಿದೆ. ಏಳುವಾಗ ಗಾಜಿನ ಮೇಲೆ ನನ್ನ ಹೆಬ್ಬೆರಳಿನ ಅಚ್ಚು ಬಿದ್ದಿತ್ತು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಸೆರಗು ಹಿಡಿದು ಅದನ್ನು ಉಜ್ಜಿಬಿಟ್ಟಿದ್ದೆ.